ದೇಹದಾನ ಮತ್ತು ದೇಹಜ್ಞಾನ



ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು ದಾರಿ. ಈ ದಾರಿಯಲ್ಲಿ ದಿನವೂ ಹೋಗಿಬರುವವರಿಗೆ ಯಾವ ತಿರುವು ಎಲ್ಲಿದೆ, ಹೆಂಚಿನ ಭಟ್ಟಿಗಳು ಯಾವ ಮಗ್ಗುಲಿಗೆ ಬರುತ್ತವೆ, ಮಲಪ್ರಭೆಯ ಸೇತುವೆಗೆ ಹೇಗೆ ಹೋಗಬೇಕು ಎಂಬುದೆಲ್ಲವೂ ಅಂಗೈಯ ಗೆರೆಗಳಷ್ಟು ಪರಿಚಿತವಾಗಿರುತ್ತದೆ. ಅದೇ ಜನರನ್ನು ನಿಲ್ಲಿಸಿ, ‘ತಮ್ಮ ಯಕೃತ್ತು ಎಲ್ಲಿದೆ, ಕೈಯಿಟ್ಟು ತೋರಿಸಿ’ ಎಂದು ಕೇಳಿದರೆ, ಓದಿದವರು ಕೂಡ ಒಂದು ಗಳಿಗೆ ತಡೆದು, ಹೊಟ್ಟೆಯ ನಡುವೆ ಎಲ್ಲಿಯೋ ಕೈಯಾಡಿಸುವುದನ್ನು ಕಾಣಬಹುದು. ಒಂದೂವರೆ ಕಿಲೋಗ್ರಾಮಿನಷ್ಟು ತೂಗುವ ಒಂದು ಅವಯವವನ್ನು ಹಗಲಿರುಳೂ ಹೊತ್ತು ತಿರುಗುತ್ತಿದ್ದರೂ ಅದರ ಠಾವು ನಮಗೆ ತಿಳಿಯದು. ಅದು ಹೊಟ್ಟೆಯ ನಡುವೆ ಇಲ್ಲ. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿದೆ. ಈಗಲೇ ಕೈಯಿಟ್ಟು ನೋಡಿಕೊಳ್ಳಬಹುದು; ರೇಡಿಯೋ ಕೇಳುವವರನ್ನು ಯಾರೂ ನೋಡುತ್ತಿರುವುದಿಲ್ಲವಷ್ಟೆ.

ನಾನು ವೈದ್ಯನಾಗಿ ಖಾನಾಪುರದ ಕಡೆಯಲ್ಲಿ ಕೆಲವು ಕಾಲ ಕೆಲಸ ಮಾಡಿದವನು. ಅಲ್ಲಿ ಸಂತೆಯ ದಿನ ಬರುವ ರೋಗಿಗಳ ಬಾಯಲ್ಲಿ ನಾನು ಅತ್ಯಂತ ಹೆಚ್ಚಾಗಿ ಕೇಳಿದ ಮಾತು, ‘ನರಾ ಹಿಡದೈತ್ರಿ ಸಾಹೇಬ್ರ’ ಎಂಬುದು. ಒಂದೇ ಬೆಳಗಿನಲ್ಲಿ ಮೂವರು ಈ ಮಾತನ್ನೇ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲನೆಯವಳು ದಿನವಿಡೀ ರೊಟ್ಟಿ ಬಡಿದು ಮಣಿಕಟ್ಟು ನೋಯಿಸಿಕೊಂಡ ಹೆಂಗಸು. ಎರಡನೆಯವನು ಹೊಲದಲ್ಲಿ ನಿಂತು ನಿಂತು, ಮೀನಖಂಡದಲ್ಲಿ ನೀಲಿಯಾದ ಹುರಿಗಳು ಹಾವಿನಂತೆ ಎದ್ದಿದ್ದ ಮುದುಕ. ಮೂರನೆಯವನಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹೊಡೆದಂತೆ ನೋವು. ಮೂವರ ಪಾಲಿಗೂ ಅದು ‘ನರ’ವೇ. ಆದರೆ ಆ ಹೆಂಗಸಿಗೆ ನೊಂದದ್ದು ಸ್ನಾಯುವನ್ನು ಎಲುಬಿಗೆ ಕಟ್ಟುವ ಕಂಡರ. ಮುದುಕನದು ರಕ್ತ ಹೊರುವ ಸಿರೆ. ಮೂರನೆಯವನದು ಮಾತ್ರವೇ ನಿಜವಾದ ನರ. ಮೂರಕ್ಕೂ ಚಿಕಿತ್ಸೆ ಬೇರೆ. ಖಾನಾಪುರದ ಮರಾಠಿ ಮಾತಿನಲ್ಲಿಯೂ ‘ಶೀರ’ ಎಂಬ ಒಂದೇ ಶಬ್ದ ಇದೇ ಬಗೆಯಲ್ಲಿ ದುಡಿಯುತ್ತದೆ. ಆದುದರಿಂದ ಭಾಷೆಯನ್ನು ಬದಲಾಯಿಸಿದ ಮಾತ್ರಕ್ಕೆ ತೊಡಕು ಬಿಡುವಂತಿಲ್ಲ.

ಇದರಲ್ಲಿ ನಮ್ಮ ಜನರ ತಪ್ಪೇನೂ ಇಲ್ಲ. ಚರ್ಮದ ಹೊರಗಿನಿಂದ ನೋಡಿದಾಗ ಎಲ್ಲವೂ ಹುರಿಯಂತೆಯೇ ಕಾಣುತ್ತದೆ. ‘ಎದೆಯುರಿ’ ಎನ್ನುತ್ತೇವೆ, ಉರಿಯುವುದು ಜಠರದಿಂದ ಮೇಲಕ್ಕೆ ಬಂದ ಹುಳಿರಸದಿಂದ ಅನ್ನನಾಳ. ‘ಪಿತ್ತ ನೆತ್ತಿಗೇರಿತು’ ಎನ್ನುತ್ತೇವೆ. ಪಿತ್ತರಸವು ಯಕೃತ್ತಿನಿಂದ ಹೊರಟು ಕರುಳಿಗೆ ಇಳಿಯುವುದೇ ಹೊರತು ನೆತ್ತಿಗೆ ಅದಕ್ಕೆ ದಾರಿಯೇ ಇಲ್ಲ. ಇಂಥ ನುಡಿಗಳು ಭಾಷೆಗೆ ಅಲಂಕಾರ. ಅವನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಎದೆಯುರಿಯೆಂದು ಸೋಡಾ ಕುಡಿದು ಮಲಗಿದವನಿಗೆ ನಿಜವಾಗಿ ಆದದ್ದು ಹೃದಯಾಘಾತವಾಗಿದ್ದರೆ, ಆಗ ಅಲಂಕಾರಕ್ಕೆ ಬೆಲೆ ತೆರಬೇಕಾಗುತ್ತದೆ. ಅಂಥವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಕಂಡರ, ಸಿರೆ, ನರ ಇವು ಬೇರೆಬೇರೆಯೆಂದು ವೈದ್ಯನಿಗೆ ತಿಳಿದದ್ದು ಹೇಗೆ? ಪುಸ್ತಕದಲ್ಲಿ ಧಮನಿಗೆ ಕೆಂಪು, ಸಿರೆಗೆ ನೀಲಿ, ನರಕ್ಕೆ ಹಳದಿ ಬಣ್ಣ ಬಳಿದಿರುತ್ತಾರೆ. ದೇಹದೊಳಗೆ ಯಾರೂ ಹಾಗೆ ಬಣ್ಣ ಬಳಿದಿಲ್ಲ. ಕತ್ತರಿಸಿದರೂ ಬಾಯಿ ತೆರೆದುಕೊಂಡೇ ಇರುವ ದಪ್ಪ ಗೋಡೆಯ ಕೊಳವೆ ಧಮನಿ. ಕತ್ತರಿಸಿದೊಡನೆ ಒದ್ದೆಯ ಬಟ್ಟೆಯಂತೆ ಕುಸಿಯುವುದು ಸಿರೆ. ಒಳಗೆ ಟೊಳ್ಳಿಲ್ಲದ ಬಿಳಿಯ ಹುರಿ ನರ. ಹೊಳಪುಳ್ಳ ಗಡುಸಾದ ಪಟ್ಟಿ ಕಂಡರ. ಇದು ಬೆರಳಿಗೆ ತಿಳಿಯಬೇಕಾದ ವಿದ್ಯೆ. ಕಣ್ಣಿಗೆ ಮಾತ್ರ ತಿಳಿದರೆ ಸಾಲದು. ಈ ವಿದ್ಯೆಯನ್ನು ಸತ್ತವರ ದೇಹದಿಂದಲ್ಲದೆ ಬೇರೆ ಎಲ್ಲಿಂದಲೂ ಪೂರ್ತಿಯಾಗಿ ಪಡೆಯಲು ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ಮಾತನ್ನು ಮೊದಲು ಬಿಡಿಸಿ ಹೇಳಿದ ಗ್ರಂಥ ಸುಶ್ರುತಸಂಹಿತೆ. ಶಾಸ್ತ್ರವನ್ನು ಓದಿದ್ದೂ ಆಗಬೇಕು, ಕಣ್ಣಾರೆ ಕಂಡದ್ದೂ ಆಗಬೇಕು, ಎರಡೂ ಕೂಡಿದರೆ ಮಾತ್ರ ಜ್ಞಾನವು ಬೆಳೆಯುವುದೆಂಬುದು ಅದರ ಮತ. ಅಲ್ಲಿ ಹೇಳಿರುವ ಕ್ರಮ ಹೀಗಿದೆ: ಅಂಗಗಳು ಊನವಾಗಿರದ, ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ, ಅತಿವೃದ್ಧನಲ್ಲದ ಒಬ್ಬನ ಶವವನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ಮುಂಜ, ದರ್ಭೆ, ಸೆಣಬು ಮೊದಲಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಎಡೆಯಲ್ಲಿ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಡಬೇಕು. ಅನಂತರ ಲಾವಂಚದ ಬೇರು, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಮಾಡಿ ಪದರಪದರವಾಗಿ ಒಳಕ್ಕೆ ನೋಡುತ್ತ ಹೋಗಬೇಕು. ಇಲ್ಲಿ ಚೂರಿಯ ಮಾತು ಬಾರದಿರುವುದು ಗಮನಿಸತಕ್ಕ ಸಂಗತಿ.

ಸುಶ್ರುತನು ಎಲುಬುಗಳು 300 ಎಂದು ಎಣಿಸಿದನು; ಚರಕಸಂಹಿತೆಯಲ್ಲಿ 360. ಇಂದು ನಾವು ಬೆಳೆದ ಮನುಷ್ಯನಲ್ಲಿ 206 ಎಂದು ಹೇಳುತ್ತೇವೆ. ಇದನ್ನು ಕೇಳಿ ಹಿಂದಿನವರನ್ನು ನಗುವವರುಂಟು. ಚರಕನ ಲೆಕ್ಕದಲ್ಲಿ ಹಲ್ಲು ಉಗುರುಗಳೂ ಸೇರಿವೆ. ಸುಶ್ರುತನದರಲ್ಲಿ ಮೃದ್ವಸ್ಥಿಗಳೂ ಸೇರಿವೆ. ಹುಟ್ಟಿದ ಕೂಸಿನಲ್ಲಿ ನಮ್ಮ ಲೆಕ್ಕಕ್ಕೂ ಮುನ್ನೂರರ ಹತ್ತಿರ ಬಿಡಿ ಎಲುಬುಗಳು ಸಿಗುತ್ತವೆ. ಬೆಳೆಯುತ್ತ ಬೆಳೆಯುತ್ತ ಹಲವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಣಿಸುವ ಬಗೆ ಬೇರೆಯಾದರೆ ಎಣಿಕೆಯೂ ಬೇರೆಯಾಗುವುದು ಸಹಜ. ನಗಬೇಕಾದದ್ದು ಇದ್ದರೆ ಅದು, ಈ ಗ್ರಂಥವನ್ನು ಕಂಠಪಾಠ ಮಾಡುತ್ತ ಅದರಲ್ಲಿ ಹೇಳಿದ ಕೆಲಸವನ್ನು ಮಾತ್ರ ಶತಮಾನಗಳ ಕಾಲ ಮಾಡದೆ ಕುಳಿತದ್ದನ್ನು ಕುರಿತು.

ಯುರೋಪಿನಲ್ಲಿಯೂ ಬಹುಕಾಲ ಇದೇ ಗತಿ. ಗೇಲನ್ ಎಂಬ ಪ್ರಾಚೀನ ವೈದ್ಯನು ಕೋತಿ, ಹಂದಿಗಳನ್ನು ಕೊಯ್ದು ಬರೆದದ್ದನ್ನೇ ಮನುಷ್ಯನಿಗೂ ಹೊಂದಿಸಿ ಸಾವಿರಕ್ಕೂ ಮೇಲ್ಪಟ್ಟ ವರ್ಷ ಓದಿದರು. 1543ರಲ್ಲಿ ವೆಸಾಲಿಯಸ್ ಎಂಬ ತರುಣ ಆಚಾರ್ಯನು ತಾನೇ ಕೊಯ್ದು ಕಂಡದ್ದನ್ನು ಅಚ್ಚುಹಾಕಿಸಿದಾಗ, ಕೆಳದವಡೆ ಎರಡು ಎಲುಬಲ್ಲ, ಒಂದೇ ಎಂಬಷ್ಟು ಸಾಮಾನ್ಯ ಸಂಗತಿ ಕೂಡ ಹೊಸತಾಗಿ ತೋರಿತು. ಹೊಸ ಕಾಲದ ಭಾರತದಲ್ಲಿ ಈ ಬಾಗಿಲನ್ನು ತೆರೆದವನು ಮಧುಸೂದನ ಗುಪ್ತ. ಆತನು ಆಯುರ್ವೇದವನ್ನು ಬಲ್ಲ ಪಂಡಿತ. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಆತನು ಶವಚ್ಛೇದನ ಮಾಡಿದನು.

ಇಷ್ಟು ದೂರ ಹೋಗಿಬಂದದ್ದು ಬೆಳಗಾವಿಗೆ ತಿರುಗಿ ಬರುವುದಕ್ಕಾಗಿ. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಈ ನಗರದಲ್ಲಿ 1963ರಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅದೇ ಸಂಸ್ಥೆಗೆ ಸೇರಿದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯವು ಶಹಾಪುರದಲ್ಲಿದೆ. 2005ರಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಬಂದಿತು. ಇಷ್ಟು ವಿದ್ಯಾರ್ಥಿಗಳಿಗೂ ದೇಹ ಬೇಕು. ಹಿಂದೆ ಹೆಚ್ಚಾಗಿ ದೊರೆಯುತ್ತಿದ್ದದ್ದು, ಆಸ್ಪತ್ರೆಯಲ್ಲಿ ಸತ್ತು, ಯಾರೂ ಕೇಳುವವರಿಲ್ಲದೆ ಉಳಿದ ಅನಾಥ ದೇಹಗಳು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ 1949ರಲ್ಲಿಯೂ, ಆಮೇಲೆ ಸೇರಿದ ಮೈಸೂರು ರಾಜ್ಯದಲ್ಲಿ 1957ರಲ್ಲಿಯೂ ಆದ ಅಂಗರಚನಾಶಾಸ್ತ್ರದ ಕಾಯಿದೆಗಳು ಇಂಥ ದೇಹಗಳನ್ನು ಕಾಲೇಜಿಗೆ ಒಪ್ಪಿಸಲು ದಾರಿಮಾಡಿದವು. ಬದುಕಿದ್ದಾಗ ವೈದ್ಯನನ್ನು ಕಾಣಲಾರದ ಬಡವನೇ ಸತ್ತಮೇಲೆ ವೈದ್ಯರಿಗೆ ಗುರುವಾಗಬೇಕಾದ ಈ ವ್ಯವಸ್ಥೆ ನನ್ನ ಮನಸ್ಸಿಗೆ ಎಂದೂ ಒಪ್ಪಿಗೆಯಾದದ್ದಲ್ಲ.

ಬೈಲಹೊಂಗಲದಲ್ಲಿ ಡಾಕ್ಟರ್ ಬಿ. ಎಸ್. ರಾಮಣ್ಣವರ ಎಂಬ ಆಯುರ್ವೇದ ವೈದ್ಯರಿದ್ದರು. ಅವರ ಮಗ ಡಾಕ್ಟರ್ ಮಹಾಂತೇಶ ರಾಮಣ್ಣವರ, ಕಂಕಣವಾಡಿ ಮಹಾವಿದ್ಯಾಲಯದಲ್ಲಿ ಶಾರೀರವನ್ನು, ಎಂದರೆ ದೇಹರಚನೆಯ ಶಾಸ್ತ್ರವನ್ನು, ಬೋಧಿಸುವವರು. ತಂದೆಯವರು ತಮ್ಮ ದೇಹವನ್ನು ಶವಚ್ಛೇದನಕ್ಕೆ ಕೊಡಬೇಕೆಂದೂ, ಅದನ್ನು ಮಗನೇ ಮಾಡಬೇಕೆಂದೂ ಇಚ್ಛೆಯನ್ನು ತಿಳಿಸಿ, 2008ರ ನವೆಂಬರಿನಲ್ಲಿ ತೀರಿಕೊಂಡರು. ದೇಹವನ್ನು ಔಷಧದ್ರವದಿಂದ ಕೆಡದಂತೆ ಇರಿಸಲಾಯಿತು. ಎರಡು ವರ್ಷದ ತರುವಾಯ, 2010ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ, ವಿದ್ಯಾರ್ಥಿಗಳ ಎದುರಿನಲ್ಲಿ, ಮಗನು ತಂದೆಯ ದೇಹವನ್ನು ತೆರೆದು ಪಾಠ ಹೇಳಿದರು. ವೃತ್ತಪತ್ರಿಕೆಗಳು ಇದನ್ನು ಒಂದು ಸಾಹಸದಂತೆ ವರ್ಣಿಸಿದವು. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು, ಅಂದಿನ ವರೆಗೆ ಅನಾಥನಿಗೆ ಮಾತ್ರ ತಕ್ಕದ್ದೆಂದು ಜನ ತಿಳಿದಿದ್ದ ಸ್ಥಳದಲ್ಲಿ, ಹೆಸರೂ ಮನೆತನವೂ ಮಕ್ಕಳೂ ಇದ್ದ ಒಬ್ಬ ವೈದ್ಯರು ತಾವಾಗಿಯೇ ಹೋಗಿ ಮಲಗಿದರೆಂಬುದು.

ಆ ಬಗೆಯ ಮೇಜಿನ ಸುತ್ತ ನಿಂತ ವಿದ್ಯಾರ್ಥಿಗೆ ಏನು ಕಾಣುತ್ತದೆ ಎಂಬುದನ್ನು ಈಗ ಹೇಳುತ್ತೇನೆ. ಕೊಠಡಿಯೊಳಗೆ ಕಾಲಿಟ್ಟೊಡನೆ ಮೊದಲು ತಿಳಿಯುವುದು ಫಾರ್ಮಲಿನ್ ದ್ರವದ ವಾಸನೆ. ಕಣ್ಣಲ್ಲಿ ನೀರು ಬರಿಸುವಂಥದು. ಈ ದ್ರವವನ್ನು ದೇಹಕ್ಕೆ ತುಂಬುವ ಕ್ರಮವೇ ಒಂದು ಪಾಠ. ತೊಡೆಯ ಸಂದಿಯಲ್ಲಿರುವ ಧಮನಿಯೊಂದಕ್ಕೆ ಸಣ್ಣ ರಂಧ್ರಮಾಡಿ ಅದರೊಳಗೆ ದ್ರವವನ್ನು ಹರಿಯಬಿಡುತ್ತಾರೆ. ಆ ಒಂದೇ ರಂಧ್ರದಿಂದ ಅದು ಕಾಲ್ಬೆರಳಿಗೂ ಹೋಗುತ್ತದೆ, ಕಣ್ಣಿನ ರೆಪ್ಪೆಗೂ ಹೋಗುತ್ತದೆ. ದೇಹದ ಕೊಳವೆಗಳೆಲ್ಲವೂ ಒಂದೇ ಜಾಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೊದಲು ಚರ್ಮ. ಬಿಡಿಸಿ ಹಾಸಿದರೆ ಎರಡು ಚದರ ಮೀಟರಿನ ಹತ್ತಿರ ಬರುತ್ತದೆ. ದೇಹದ ಅತ್ಯಂತ ದೊಡ್ಡ ಅವಯವವಿದು. ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯುಗಳು. ಇಡೀ ದೇಹದಲ್ಲಿ ಹೆಸರಿಟ್ಟ ಸ್ನಾಯುಗಳು ಆರುನೂರಕ್ಕೂ ಹೆಚ್ಚು. ಇಲ್ಲಿ ವಿದ್ಯಾರ್ಥಿಗೆ ಒಂದು ಆಶ್ಚರ್ಯ ಕಾದಿರುತ್ತದೆ: ಬೆರಳುಗಳ ಒಳಗೆ ಸ್ನಾಯುವೇ ಇಲ್ಲ. ಬೆರಳನ್ನು ಮಡಿಸುವ ಬಲವಾದ ಸ್ನಾಯುಗಳೆಲ್ಲ ಮುಂದೋಳಿನಲ್ಲಿವೆ. ಅವುಗಳ ಕಂಡರಗಳು ಮಣಿಕಟ್ಟನ್ನು ದಾಟಿ, ಬೊಂಬೆಯಾಟದ ದಾರಗಳಂತೆ ಬೆರಳುಗಳನ್ನು ಎಳೆಯುತ್ತವೆ. ತಾವು ಒಂದು ಕೈಯಿಂದ ಇನ್ನೊಂದು ಮುಂದೋಳನ್ನು ಹಿಡಿದುಕೊಂಡು ಬೆರಳಾಡಿಸಿದರೆ ಈ ಎಳೆತ ಅಂಗೈಗೆ ತಿಳಿಯುತ್ತದೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದುದು. ಗ್ರಾಮೋದ್ಯೋಗದ ಕುಂಬಾರಿಕೆ ತರಬೇತಿಯ ಕೇಂದ್ರವನ್ನು ಆ ಊರಿನಲ್ಲಿ ಸ್ಥಾಪಿಸಿದ್ದು ಅದರಿಂದಲೇ. ತಿಗರಿಯ ಮೇಲೆ ಮಡಕೆಯ ಅಂಚನ್ನು ಎಬ್ಬಿಸುತ್ತಿರುವ ಕುಂಬಾರನ ಬೆರಳನ್ನು ನೋಡುವ ಬದಲು ಒಂದು ಸಲ ಅವನ ಮುಂದೋಳನ್ನು ನೋಡಬೇಕು. ಕೆಲಸವೆಲ್ಲ ಅಲ್ಲಿ ನಡೆಯುತ್ತಿರುತ್ತದೆ. ಮೊದಲು ಹೇಳಿದೆನಲ್ಲ, ರೊಟ್ಟಿ ಬಡಿಯುವ ಹೆಂಗಸಿನ ನೋವು? ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಈ ದಾರಗಳೇ ಉಜ್ಜಿ ಉಜ್ಜಿ ಊದಿಕೊಂಡದ್ದು ಅದು.

ಎಲುಬುಗಳ ಮಾತನ್ನು ಆಗಲೇ ಆಡಿದೆನು. 206ರಲ್ಲಿ 106, ಎಂದರೆ ಅರ್ಧಕ್ಕಿಂತಲೂ ಹೆಚ್ಚು, ಕೈ ಪಾದಗಳಲ್ಲಿಯೇ ಇವೆ. ಒಂದೊಂದು ಕೈಗೆ 27, ಒಂದೊಂದು ಪಾದಕ್ಕೆ 26. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿರುವ ಒಂದು ಜಾತಿಯ ಬಾವಲಿಯನ್ನು 1913ರಲ್ಲಿ ಶಾಸ್ತ್ರಜ್ಞರು ಮೊದಲು ವರ್ಣಿಸಿದರು; ಬಹುಕಾಲ ಅದು ಆ ಗುಹೆಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲವೆಂದು ನಂಬಿದ್ದರು. ಆ ಬಾವಲಿಯ ರೆಕ್ಕೆಯನ್ನು ಬಿಡಿಸಿ ನೋಡಿದರೆ ಅದರಲ್ಲಿರುವುದು ನಮ್ಮದೇ ತೋಳು, ಮುಂದೋಳು, ಮಣಿಕಟ್ಟು, ಬೆರಳು. ಬೆರಳುಗಳು ಮಾತ್ರ ಕೊಡೆಯ ಕಡ್ಡಿಗಳಂತೆ ಉದ್ದವಾಗಿ ಬೆಳೆದು ಅವುಗಳ ನಡುವೆ ಚರ್ಮ ಹರಡಿದೆ. ವಿಷಯಾಂತರವಾಯಿತು, ಆದರೆ ನಮ್ಮ ನೆರೆಯ ಕಾಡಿನಲ್ಲಿಯೇ ಇರುವ ಈ ಬಂಧುವನ್ನು ಹೆಸರಿಸದೆ ಹೋಗಲು ಮನಸ್ಸು ಬಾರದು.

ಎದೆಯ ಗೂಡನ್ನು ತೆರೆದಾಗ ಎರಡು ಪುಪ್ಪುಸಗಳ ನಡುವೆ, ಕೊಂಚ ಎಡಕ್ಕೆ ವಾಲಿದಂತೆ, ಹೃದಯವು ಕಾಣುತ್ತದೆ. ಕವಿಗಳ ವರ್ಣನೆಯನ್ನು ಓದಿಕೊಂಡು ಬಂದವರಿಗೆ ನಿರಾಶೆಯಾಗುವಷ್ಟು ಚಿಕ್ಕದು. ಅವರವರ ಮುಷ್ಟಿಯಷ್ಟು ಗಾತ್ರ, ಸುಮಾರು 300 ಗ್ರಾಮು ತೂಕ. ಒಳಗೆ ನಾಲ್ಕು ಕೋಣೆಗಳು, ಕೋಣೆಗಳ ಬಾಗಿಲಲ್ಲಿ ಒಂದೇ ಕಡೆಗೆ ತೆರೆಯುವ ಕವಾಟಗಳು. ದೇಹದಿಂದ ತಿರುಗಿ ಬಂದ ರಕ್ತವು ಬಲಗಡೆಯ ಕೋಣೆಗಳಿಂದ ಪುಪ್ಪುಸಕ್ಕೆ ಹೋಗಿ, ಪ್ರಾಣವಾಯುವನ್ನು ಪಡೆದು, ಎಡಗಡೆಗೆ ಬಂದು, ಅಲ್ಲಿಂದ ಮಹಾಧಮನಿಯ ಮೂಲಕ ದೇಹಕ್ಕೆಲ್ಲ ಹರಡುತ್ತದೆ. ಕನಕುಂಬಿಯಲ್ಲಿ ಸಣ್ಣಗೆ ಹುಟ್ಟುವ ಮಲಪ್ರಭೆಗೆ ಹಳ್ಳಗಳು ಸೇರಿ ಸೇರಿ ನದಿಯಾಗುವಂತೆ ಸಿರೆಗಳು ಕೂಡಿಕೊಳ್ಳುತ್ತ ಬಂದು ಹೃದಯವನ್ನು ಮುಟ್ಟುತ್ತವೆ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗಳು ಕವಲೊಡೆಯುತ್ತ ಹೊಲಗಳಿಗೆ ಹೋಗುವಂತೆ ಧಮನಿಗಳು ಕವಲೊಡೆಯುತ್ತ ಹೋಗುತ್ತವೆ. ಅಣೆಕಟ್ಟಿನ ನೀರು ತನ್ನ ಭಾರದಿಂದ ಇಳಿಯುತ್ತದೆ. ಇಲ್ಲಿ ಮಾತ್ರ ಒಂದೊಂದು ಹನಿಯನ್ನೂ ಒತ್ತಿ ದೂಡಬೇಕು. ನಿಮಿಷಕ್ಕೆ ಸುಮಾರು 70 ಬಡಿತ, ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು. ಎಂದರೆ ನಿಮಿಷಕ್ಕೆ ಐದು ಲೀಟರಿನ ಹತ್ತಿರ. ದೇಹದಲ್ಲಿರುವ ರಕ್ತವೇ ಒಟ್ಟು ಐದು ಲೀಟರಿನಷ್ಟು. 1628ರಲ್ಲಿ ಇಂಗ್ಲೆಂಡಿನ ಹಾರ್ವೆ ಎಂಬ ವೈದ್ಯನು ಇದೇ ಬಗೆಯ ಲೆಕ್ಕವನ್ನು ಹಾಕಿದನು: ಇಷ್ಟೊಂದು ರಕ್ತವನ್ನು ದೇಹವು ಗಳಿಗೆ ಗಳಿಗೆಗೂ ಹೊಸದಾಗಿ ಹುಟ್ಟಿಸುವುದು ಅಸಾಧ್ಯ, ಆದುದರಿಂದ ಅದೇ ರಕ್ತವೇ ಸುತ್ತಿಬರುತ್ತಿರಬೇಕು.

ಇಲ್ಲಿ ಶವವು ಹಿಂದಿನವರನ್ನು ಮೋಸಗೊಳಿಸಿದ ಬಗೆಯನ್ನೂ ಹೇಳಬೇಕು. ಸತ್ತಮೇಲೆ ಧಮನಿಗಳಲ್ಲಿ ರಕ್ತ ನಿಲ್ಲುವುದು ಕಡಿಮೆ, ಬರಿದಾಗಿ ಕಾಣುತ್ತವೆ. ಆದುದರಿಂದ ಅವು ವಾಯುವನ್ನು ಒಯ್ಯುವ ನಾಳಗಳೆಂದು ಗ್ರೀಕರಲ್ಲಿ ಕೆಲವರು ತಿಳಿದರು. ಸಂಸ್ಕೃತದ ‘ಧಮನಿ’ ಎಂಬ ಶಬ್ದವೂ ಊದು ಎಂಬರ್ಥದ ಧಾತುವಿನಿಂದಲೇ ಬಂದದ್ದು. ಶವವು ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ. ಬಡಿತವನ್ನು, ಬಿಸುಪನ್ನು, ಕರುಳಿನ ಅಲೆಯನ್ನು ಬದುಕಿದವರಲ್ಲಿಯೇ ಕಾಣಬೇಕು.

ಪುಪ್ಪುಸಗಳು ಬಲಕ್ಕೆ ಮೂರು ಪಾಲು, ಎಡಕ್ಕೆ ಎರಡು ಪಾಲು. ಹೃದಯಕ್ಕೆ ಎಡೆಬಿಟ್ಟುಕೊಟ್ಟದ್ದರಿಂದ ಎಡದ್ದು ಕಿರಿದು. ಅವು ಟೊಳ್ಳುಚೀಲಗಳಲ್ಲ, ಕೋಟಿಗಟ್ಟಲೆ ಗಾಳಿಗುಳ್ಳೆಗಳ ಸ್ಪಂಜಿನಂಥ ರಾಶಿ. ಗುಳ್ಳೆಗಳ ಗೋಡೆಗಳನ್ನೆಲ್ಲ ಹಾಸಿದರೆ ಒಂದು ಸಾಧಾರಣ ಮನೆಯ ನೆಲವನ್ನು ಮುಚ್ಚಬಹುದು. ಕೂಸಿನ ಪುಪ್ಪುಸ ನಸುಗೆಂಪಾಗಿರುತ್ತದೆ. ಹೊಗೆಬತ್ತಿ ಸೇದಿದವನದು, ಕಟ್ಟಿಗೆಯ ಒಲೆಯ ಮುಂದೆ ನಲವತ್ತು ವರ್ಷ ಊದಿದವಳದು, ಮೇಜಿನ ಮೇಲೆ ಕಪ್ಪು ಚುಕ್ಕೆಗಳಿಂದ ಗುರುತು ಸಿಗುತ್ತದೆ. ಹೆಸರು ತಿಳಿಯದ ದೇಹದಲ್ಲಿಯೂ ಅದರ ಅಡಿಗೆಮನೆಯನ್ನು ಹೀಗೆ ಓದಬಹುದು.

ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ವಪೆ ಎಂಬ ಸ್ನಾಯುವಿನ ಪರದೆ. ನಾವು ಉಸಿರೆಳೆಯುವುದು ಮುಖ್ಯವಾಗಿ ಇದರ ಇಳಿತದಿಂದ; ಮೂಗು ಬರಿಯ ಬಾಗಿಲು. ಅದರ ಕೆಳಗೆ ಬಲಕ್ಕೆ ಯಕೃತ್ತು, ಎಡಕ್ಕೆ ಜಠರ, ಅದರ ಹಿಂದೆ ಮುಷ್ಟಿಗಾತ್ರದ ಪ್ಲೀಹ. ಜಠರದ ಮುಂದಕ್ಕೆ ಸಣ್ಣಕರುಳು ಸುಮಾರು ಆರು ಮೀಟರು, ದೊಡ್ಡಕರುಳು ಒಂದೂವರೆ ಮೀಟರು. ಇದನ್ನು ಎತ್ತಿ ಹಿಡಿದ ವಿದ್ಯಾರ್ಥಿಗಳೆಲ್ಲರೂ ಅದು ಮುಗಿಯುವುದೇ ಇಲ್ಲವೆಂದುಕೊಳ್ಳುತ್ತಾರೆ. ಅದು ಜೋಲಾಡುವ ಹಗ್ಗದ ರಾಶಿಯಲ್ಲ; ಬೀಸಣಿಗೆಯಂಥ ಒಂದು ಪೊರೆಯಿಂದ ಬೆನ್ನಿಗೆ ಕಟ್ಟಲ್ಪಟ್ಟಿದ್ದು, ಆ ಪೊರೆಯೊಳಗಿಂದ ರಕ್ತನಾಳಗಳು ಬರುತ್ತವೆ. ಕರುಳು ಹೀರಿದ ಆಹಾರರಸದ ಬಹುಭಾಗ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದು ಮೊದಲು ಯಕೃತ್ತಿನ ಸುಂಕದಕಟ್ಟೆಯನ್ನು ಹಾದುಹೋಗಬೇಕು. ಅಲ್ಲಿ ಸಕ್ಕರೆ ಸಂಗ್ರಹವಾಗುತ್ತದೆ, ವಿಷಗಳು ಮುರಿಯಲ್ಪಡುತ್ತವೆ, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳು ತಯಾರಾಗುತ್ತವೆ. ಹೆಂಡದಿಂದ ಕೆಟ್ಟ ಯಕೃತ್ತು ನುಣುಪಾಗಿರದೆ ಗಂಟುಗಂಟಾಗಿರುತ್ತದೆ. ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನು ಆ ಗಂಟುಗಳನ್ನು ಮರೆಯಲಾರ.

ಬೆನ್ನಿನ ಕಡೆ ಹುರುಳಿಕಾಳಿನಾಕಾರದ ಎರಡು ಮೂತ್ರಪಿಂಡಗಳು. ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸಿ, ಒಂದೂವರೆ ಲೀಟರನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದದ್ದನ್ನೆಲ್ಲ ರಕ್ತಕ್ಕೆ ಒಪ್ಪಿಸುತ್ತವೆ. ನಾಳವಿಲ್ಲದ ಗ್ರಂಥಿಗಳು ಗಾತ್ರದಲ್ಲಿ ಅಲ್ಪ. ಮೇದೋಜೀರಕಾಂಗದ ಪುಟ್ಟ ದ್ವೀಪಗಳು ಇನ್ಸುಲಿನ್ ಎಂಬ ರಸವನ್ನು ಕೊಡುವುದೆಂದು 1921ರಲ್ಲಿ ಕೆನಡದ ಟೊರಾಂಟೊದಲ್ಲಿ ಬೇರ್ಪಡಿಸಿ ತೋರಿಸುವವರೆಗೆ, ಸಿಹಿಮೂತ್ರರೋಗದ ಎಳೆಯರಿಗೆ ಬದುಕುವ ಭರವಸೆ ಇರಲಿಲ್ಲ.

ತಲೆಬುರುಡೆಯನ್ನು ತೆರೆಯುವುದು ಕೊನೆಗೆ. ಮಿದುಳು ಸುಮಾರು 1,400 ಗ್ರಾಮು. ಅದರಿಂದ ಇಳಿಯುವ ತಂತುಗಳಲ್ಲಿ ಹೆಚ್ಚಿನವು ಕುತ್ತಿಗೆಯ ಮೇಲ್ಗಡೆಯಲ್ಲಿ ಎಡ ಬಲ ದಾಟಿಕೊಳ್ಳುತ್ತವೆ. ಆದುದರಿಂದ ಮಿದುಳಿನ ಎಡಗಡೆಗೆ ರಕ್ತ ನಿಂತರೆ ಬಲಗೈ ಬೀಳುತ್ತದೆ. ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿದು, ಅಲ್ಲಿಂದ ಕೆಳಕ್ಕೆ ನರಗಳು ಕುದುರೆಯ ಬಾಲದಂತೆ ಇಳಿಯುತ್ತವೆ. ಅವುಗಳಿಂದ ಕೂಡಿ ಪೃಷ್ಠದ ಮೂಲಕ ಕಾಲಿಗೆ ಹೋಗುವ ನರವು ನನ್ನ ಕಿರುಬೆರಳಿಗಿಂತಲೂ ದಪ್ಪ. ನನ್ನ ಮೂರನೆಯ ರೋಗಿಗೆ ಮಿಂಚು ಹೊಡೆಯುತ್ತಿದ್ದದ್ದು ಅದೇ.

ಇವೆಲ್ಲ ಚಿತ್ರಗಳಲ್ಲಿಯೂ ಇಲ್ಲವೆ, ಈಗ ಕಂಪ್ಯೂಟರಿನ ಪರದೆಯ ಮೇಲೆ ದೇಹವನ್ನು ತಿರುಗಿಸಿ ತೋರಿಸುತ್ತಾರಲ್ಲವೆ, ಇನ್ನು ದೇಹವೇಕೆ ಎಂದು ತಾವು ಕೇಳಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮೇಜಿನ ಮೇಲಿನ ದೇಹದಲ್ಲಿ, ಪಿತ್ತಕೋಶಕ್ಕೆ ಹೋಗುವ ಧಮನಿಯು ಪುಸ್ತಕದಲ್ಲಿದ್ದ ಕಡೆಯಿಂದ ಹೊರಟಿರಲಿಲ್ಲ. ಅರ್ಧ ದಿನ ಹುಡುಕಿ, ಪುಸ್ತಕವನ್ನು ನಂಬಬೇಕೋ ದೇಹವನ್ನು ನಂಬಬೇಕೋ ತಿಳಿಯದೆ, ಗುರುಗಳನ್ನು ಕರೆದೆವು. ಅವರು ನಕ್ಕು, ‘ಪುಸ್ತಕ ಬರೆದವನು ಈ ಅಜ್ಜನನ್ನು ನೋಡಿರಲಿಲ್ಲ’ ಎಂದರು. ಪಕ್ಕದ ಮೇಜಿನಲ್ಲಿ ಅದೇ ಧಮನಿ ಮತ್ತೊಂದು ರೀತಿ. ಮುಖಗಳು ಬೇರೆಬೇರೆಯಾಗಿರುವಂತೆ ಒಳಗೂ ಬೇರೆಬೇರೆ. ಪಿತ್ತಕೋಶದ ಶಸ್ತ್ರಕ್ರಿಯೆಯಲ್ಲಿ ಕತ್ತರಿ ಇಡುವವನು ಒಂದು ಚಿತ್ರವನ್ನೇ ಕಂಡವನಾಗಿದ್ದರೆ, ರೋಗಿಯ ಮೈಯೊಳಗೆ ಇನ್ನೊಂದು ಬಗೆಯದು ಎದುರಾದಾಗ ರಕ್ತ ಚಿಮ್ಮುವವರೆಗೂ ತಿಳಿಯದು. ಚಿತ್ರವು ಬಹುಜನರ ಸರಾಸರಿ, ರೋಗಿಯು ಸರಾಸರಿಯಲ್ಲ. ಹತ್ತು ದೇಹ ಕಂಡ ವೈದ್ಯನಿಗೂ ಒಂದೇ ದೇಹದ ಸುತ್ತ ಮೂವತ್ತು ಜನರೊಡನೆ ನಿಂತು ಭುಜದ ಮೇಲಿಂದ ಇಣುಕಿದ ವೈದ್ಯನಿಗೂ ಇರುವ ಅಂತರವನ್ನು, ಮುಂದೆ ಶಸ್ತ್ರಕ್ರಿಯೆಗೆ ಮಲಗುವ ನಾವು ನೀವು ಭರಿಸಬೇಕಾಗುತ್ತದೆ.

ಈಗ ದೇಹದಾನದ ಕ್ರಮವನ್ನು ಕುರಿತು ಎರಡು ಮಾತು. ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಇದಕ್ಕೆ ಮುದ್ರಿತ ಪತ್ರವಿರುತ್ತದೆ. ಸಾಕ್ಷಿಗಳ ಸಹಿಯೊಡನೆ ಅದನ್ನು ತುಂಬಿಕೊಡಬೇಕು. ಮರಣವಾದಾಗ ವೈದ್ಯರ ಪ್ರಮಾಣಪತ್ರವನ್ನು ಪಡೆದು ಕೂಡಲೆ ತಿಳಿಸಬೇಕು. ತಡವಾದಷ್ಟೂ ದೇಹ ಕೆಡುತ್ತದೆ. ಅಪಘಾತ ಮುಂತಾದುವುಗಳಿಂದ ಮರಣೋತ್ತರ ಪರೀಕ್ಷೆಯಾದ ದೇಹವನ್ನೂ, ಕೆಲವು ಅಂಟುರೋಗಗಳಿಂದ ಸತ್ತವರ ದೇಹವನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣನ್ನು ದಾನಮಾಡಬೇಕೆನ್ನುವವರು ಆರು ಗಂಟೆಯೊಳಗೆ ಮಾಡಬೇಕು. ಅದಾದ ಮೇಲೂ ದೇಹವನ್ನು ಕೊಡಬಹುದು. ಬದುಕಿರುವ ರೋಗಿಗೆ ಮೂತ್ರಪಿಂಡ, ಯಕೃತ್ತು ಮೊದಲಾದವನ್ನು ಜೋಡಿಸುವ ಅಂಗದಾನವು ಬೇರೆಯದೇ ವಿಷಯ. ಅದಕ್ಕೆ 1994ರ ಕಾಯಿದೆ ಬೇರೆ ಇದೆ.

ಸಂಸ್ಕಾರದ ಮಾತನ್ನು ಎತ್ತುವವರ ಸಂಕಟವನ್ನು ನಾನು ಅಲ್ಲಗಳೆಯುವವನಲ್ಲ. ನಮ್ಮ ಕಡೆ ಕುಳ್ಳಿರಿಸಿ ಸಮಾಧಿಮಾಡುವವರಿದ್ದಾರೆ, ಸುಡುವವರಿದ್ದಾರೆ, ಮಲಗಿಸಿ ಹೂಳುವವರಿದ್ದಾರೆ. ಯಾವ ಮನೆಯವರಿಗೂ ತಮ್ಮ ಹಿರಿಯರನ್ನು ಕೈಬಿಟ್ಟೆವೆಂಬ ಭಾವನೆ ಬರಬಾರದು. ಮನೆಯಲ್ಲಿ ಮಾಡತಕ್ಕ ಪೂಜೆ, ಪ್ರಾರ್ಥನೆ, ಕೊನೆಯ ದರ್ಶನ ಇವುಗಳನ್ನು ಮುಗಿಸಿಕೊಂಡೇ ದೇಹವನ್ನು ಒಪ್ಪಿಸಬಹುದು. ಈಗ ಅನೇಕ ಕಾಲೇಜುಗಳಲ್ಲಿ ಪಾಠವು ಮೊದಲಾಗುವ ದಿನ ವಿದ್ಯಾರ್ಥಿಗಳು ಆ ದೇಹದ ಮುಂದೆ ನಿಂತು, ಗೌರವದಿಂದ ನಡೆದುಕೊಳ್ಳುವೆವೆಂದು ಪ್ರತಿಜ್ಞೆ ಮಾಡುತ್ತಾರೆ. ಪಾಠ ಮುಗಿದ ಮೇಲೆ ಉಳಿದದ್ದನ್ನು ದಹನವನ್ನೋ ದಫನವನ್ನೋ ಮಾಡುತ್ತಾರೆ.

ಪತ್ರಕ್ಕೆ ಸಹಿಮಾಡಿ, ಅದನ್ನು ಪೆಟ್ಟಿಗೆಯ ತಳದಲ್ಲಿ ಆಸ್ತಿಯ ಕಾಗದಗಳ ಕೆಳಗೆ ಇಟ್ಟವರನ್ನು ನಾನು ಬಲ್ಲೆ. ಹದಿಮೂರನೆಯ ದಿನ ಪೆಟ್ಟಿಗೆ ತೆರೆದಾಗ ಅದು ಸಿಕ್ಕಿತು. ಇನ್ನು ಕೆಲವರ ಮಕ್ಕಳು ಆ ಹೊತ್ತಿನಲ್ಲಿ ಬೇಡವೆಂದರು. ಬೇಡವೆಂದ ಮನೆಯಿಂದ ಯಾವ ಕಾಲೇಜೂ ದೇಹವನ್ನು ಒಯ್ಯುವುದಿಲ್ಲ. ಆದುದರಿಂದ ಹಾಗೆ ಬಯಸುವವರು, ಸಹಿಮಾಡಿದ ದಿನವೇ, ಊಟಕ್ಕೆ ಕುಳಿತಾಗ, ಹೆಂಡತಿಯೊಡನೆಯೋ ಗಂಡನೊಡನೆಯೋ, ಮಗ ಮಗಳು ಸೊಸೆಯೊಡನೆಯೋ ಮಾತನ್ನು ಎತ್ತಿ, ಪತ್ರದ ಒಂದು ಪ್ರತಿಯನ್ನು ಅವರ ಕೈಯಲ್ಲಿ ಕೊಡತಕ್ಕದ್ದು.